ಕೊಟ್ಟ ಬಟ್ಟೆ ಬೇಡ, ಕೊಂಡ ಬಟ್ಟೆ ಸಾಕು

ದಲಿತ ಬಂಧುಗಳೇ, ಹಾಸ್ಟೆಲಿನ ಗೆಳೆಯ ಗೆಳತಿಯರೇ,

ಈ ಸಲ ಬಟ್ಟೆಯ ವಿಷಯ ಮಾತಾಡೋಣ. ಭೂಮಿ ಇಲ್ಲ, ಕೆಲಸ ಇಲ್ಲ, ಸ್ಕಾಲರ್‌ಶಿಪ್ ಹೊತ್ತಿಗೆ ಸರಿಯಾಗಿ ಬರಲ್ಲ, ಇದನ್ನೆಲ್ಲ ಬಿಟ್ಟು ಅಂಗಿ ಪ್ಯಾಂಟಿನ ಮಾತು ಯಾಕ್ರಪ್ಪಾ ಅಂತ ಕೆಲವರು ಕೇಳ್ತಾರೆ. ಕೇಳಲಿ. ಈ ದೇಶದಲ್ಲಿ ನಮ್ಮ ಜಾತಿಯನ್ನು ಮೊದಲು ಬರೆದದ್ದು ತಹಸೀಲ್ದಾರರ ಸರ್ಟಿಫಿಕೇಟಿನ ಮೇಲಲ್ಲ, ನಮ್ಮ ಮೈಮೇಲೆ. ಏನು ಉಡಬೇಕು, ಮೊಳಕಾಲಿನ ಮೇಲೋ ಕೆಳಗೋ, ಯಾರು ಉಟ್ಟು ಬಿಟ್ಟದ್ದನ್ನು ಉಡಬೇಕು, ಇವನ್ನೆಲ್ಲ ನಮ್ಮನ್ನು ಕೇಳದೆ ತೀರ್ಮಾನ ಮಾಡಿದರು.

ಮನುಸ್ಮೃತಿಯ 10ನೇ ಅಧ್ಯಾಯ ತೆಗೆದು ನೋಡಿ. ಶೂದ್ರನಿಗೆ ಉಂಡು ಮಿಕ್ಕ ಅನ್ನ ಕೊಡು, ಉಟ್ಟು ಸವೆದ ಬಟ್ಟೆ ಕೊಡು ಅಂತ ಒಂದು ಕಡೆ ಇದೆ. ಊರಾಚೆ ಇರುವ ಚಂಡಾಲನಿಗೆ ಹೆಣದ ಮೇಲಿನ ಬಟ್ಟೆಯೇ ಬಟ್ಟೆ ಅಂತ ಇನ್ನೊಂದು ಕಡೆ ಇದೆ. ಅಂದರೆ ಹಳೇ ಬಟ್ಟೆ ನಮಗೆ ಬರೀ ಬಡತನದಿಂದ ಬಂದದ್ದಲ್ಲ. ಕಟ್ಟಳೆಯಿಂದ ಬಂತು. ಕೈಯಲ್ಲಿ ಕಾಸಿದ್ದರೂ ಹೊಸದು ಉಡಬೇಡ ಅನ್ನೋ ಕಟ್ಟಳೆ ಅದು.

ಬಾಬಾಸಾಹೇಬರು 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಈ ಪುಸ್ತಕಕ್ಕೆ ಬೆಂಕಿ ಇಟ್ಟರು. ಅದೇ ಮಹಾಡಿನಲ್ಲಿ ಅದೇ ದಿನಗಳಲ್ಲಿ ನಮ್ಮ ಹೆಣ್ಣುಮಕ್ಕಳನ್ನು ಉದ್ದೇಶಿಸಿ ಮಾತಾಡಿದರು. ನೋಡಿದ ಕೂಡಲೇ ಇವರು ಅಸ್ಪೃಶ್ಯರು ಅಂತ ಗುರುತು ಹೇಳುವ ಉಡುಗೆ ಬಿಡಿ, ತೇಪೆ ಹಾಕಿದ್ದಾದರೂ ಚಿಂತೆಯಿಲ್ಲ ಶುಚಿಯಾಗಿರಲಿ ಎಂಬುದು ಅವರ ಮಾತಿನ ಸಾರ. ಇದನ್ನು ಸರಿಯಾಗಿ ತಿಳಕೊಳ್ಳಿ. ತೇಪೆಗೆ ನಾಚಬೇಡಿ ಅಂದರು. ಗುಲಾಮಗಿರಿಯ ಗುರುತನ್ನು ಕಿತ್ತು ಬಿಸಾಕಿ ಅಂದರು. ಹಳೇ ಬಟ್ಟೆ ಬೇರೆ, ಜೀತದ ಬಟ್ಟೆ ಬೇರೆ. ನಾವು ಇವತ್ತು ಹೇಳೋದು ಇಷ್ಟೇ.

ಬಟ್ಟೆ ಹರಿಯುವ ದಿಕ್ಕು

ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಯಾವುದೇ ಹಳ್ಳಿಯ ವಯಸ್ಸಾದವರನ್ನು ಕೇಳಿ. ನಮ್ಮ ಅಜ್ಜಂದಿರು ಜೀತಕ್ಕೆ ಇದ್ದಾಗ ವರ್ಷದ ಕರಾರು ಏನಿತ್ತು? ಇಷ್ಟು ರಾಗಿ, ಒಂದು ಕಂಬಳಿ, ಒಂದು ಜೊತೆ ಬಟ್ಟೆ. ಆ ಬಟ್ಟೆಯೂ ಹೊಸದಾಗಿ ಬಂದರೆ ಪುಣ್ಯ. ಯುಗಾದಿಗೆ, ದೀಪಾವಳಿಗೆ ಗೌಡರ ಮನೆ ಹಿತ್ತಲ ಬಾಗಿಲಲ್ಲಿ ನಿಂತರೆ ಮೇಲಿಂದ ಒಂದು ಹಳೇ ಪಂಚೆ ಬೀಳೋದು. ಕೈಗೆ ಕೊಡ್ತಿರಲಿಲ್ಲ, ಬೀಳಿಸ್ತಿದ್ದರು. ಬಗ್ಗಿ ಎತ್ತಿಕೊಂಡು "ಬುದ್ದೀ, ನಿಮ್ಮ ಹೊಟ್ಟೆ ತಣ್ಣಗಿರಲಿ" ಅನ್ನಬೇಕು. 1976ರಲ್ಲಿ ಜೀತ ಪದ್ಧತಿ ರದ್ದತಿ ಕಾಯ್ದೆ ಬಂತು. ಕರಾರು ಹೋಯಿತು. ಹಿತ್ತಲ ಬಾಗಿಲು ಉಳಿಯಿತು.

ಇದರಲ್ಲಿ ಒಂದು ಲೆಕ್ಕ ಇದೆ. ಗೌಡರ ಮನೆ ಹಳೇ ಪಂಚೆ ಕೇರಿಗೆ ಬಂತು. ಕೇರಿಯ ಹೊಸ ಪಂಚೆ ಯಾವತ್ತಾದರೂ ಗೌಡರ ಮನೆಗೆ ಹೋಯಿತಾ? ಊರ ಮಡಿವಾಳ ಊರಿನವರ ಬಟ್ಟೆಯನ್ನೆಲ್ಲ ಒಗೀತಿದ್ದ, ಕೇರಿ ಬಟ್ಟೆಗೆ ಮಾತ್ರ ಕೈ ಹಾಕಬಾರದು ಅಂತ ಅವನಿಗೂ ಕಟ್ಟು. ಅವರ ಬೆವರು ಕುಡಿದ ಬಟ್ಟೆ ನಾವು ಉಡಬಹುದು, ನಾವು ಮುಟ್ಟಿದ ಬಟ್ಟೆ ಅವರಿಗೆ ಮೈಲಿಗೆ. ಕೆರೆ ತೂಬಿನ ನೀರಿನ ಹಾಗೆ ಬಟ್ಟೆ ಮೇಲಿಂದ ಕೆಳಕ್ಕೆ ಒಂದೇ ದಿಕ್ಕಿಗೆ ಹರೀತದೆ. ಎಲ್ಲಿ ಬಟ್ಟೆ ಒಂದೇ ದಿಕ್ಕಿಗೆ ಹರಿಯುತ್ತೋ ಅಲ್ಲಿ ಅದು ಬಟ್ಟೆ ಅಲ್ಲ, ಜಾತಿ.

ಮಡಿ ಮೈಲಿಗೆ ಅನ್ನೋದು ಎಂಥ ಮೋಸ ಅಂತ ತಿಳಿಯೋಕೆ ಕಾಶಿಗೆ ಹೋಗೋದು ಬೇಡ. ರಾಮನಗರದ ಗೂಡಿನ ಮಾರುಕಟ್ಟೆಗೆ ಹೋಗಿ. ಏಷ್ಯಾದಲ್ಲೇ ದೊಡ್ಡದು ಅಂತ ಹೆಸರಾದ ಮಾರುಕಟ್ಟೆ. ಅಲ್ಲಿಂದ ಗೂಡು ಫಿಲೇಚರಿಗೆ ಹೋಗುತ್ತೆ. ಒಳಗಿನ ಹುಳ ಸಾಯಬೇಕು, ಗೂಡು ಬೇಯಬೇಕು, ಕುದಿಯೋ ನೀರಿನೊಳಗೆ ಕೈ ಇಟ್ಟು ಎಳೆ ಹುಡುಕಬೇಕು. ಸತ್ತ ಹುಳದ ನಾತ ಬಟ್ಟೆಗೆ ಹತ್ತಿದರೆ ಎಷ್ಟು ಒಗೆದರೂ ಹೋಗಲ್ಲ. ಆ ನೀರಿನಲ್ಲಿ ಬೆರಳು ಬೇಯಿಸಿಕೊಳ್ಳೋರು ಯಾರು? ಕರ್ನಾಟಕದ ರೇಷ್ಮೆ ಕೆಲಸದಲ್ಲಿ ಸಾಲಕ್ಕೆ ಸಿಕ್ಕಿಬಿದ್ದ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರಲ್ಲಿ ವರದಿ ಮಾಡಿತು. ಅವರಲ್ಲಿ ಬಹಳ ಮಂದಿ ದಲಿತರ ಮಕ್ಕಳು, ಮುಸ್ಲಿಮರ ಮಕ್ಕಳು.

ಈಗ ಆ ನೂಲು ಸೀರೆಯಾಗಿ, ಪಟ್ಟೆ ಮಡಿಯಾಗಿ ಪೂಜೆ ಮನೆಗೆ ಹೋಗುತ್ತೆ. ಹತ್ತಿಗಿಂತ ರೇಷ್ಮೆ ಹೆಚ್ಚು ಮಡಿಯಂತೆ! ಲಕ್ಷಾಂತರ ಹುಳ ಬೇಯಿಸಿ ನಮ್ಮ ಕೈ, ಸಾಬರ ಕೈ ಮುಟ್ಟಿ ಬಿಚ್ಚಿದ ನೂಲು ಮಡಿ. ಅದನ್ನು ಬಿಚ್ಚಿದ ಕೈ ಮೈಲಿಗೆ. ಪುರೋಹಿತರೇ, ನಿಮ್ಮ ಮಡಿ ಹುಟ್ಟೋದು ನಮ್ಮ ಬೆಂದ ಬೆರಳಿನಿಂದ. ಇದಕ್ಕೆ ನಿಮ್ಮ ಯಾವ ಶಾಸ್ತ್ರದಲ್ಲಿ ಉತ್ತರ ಇದೆ?

ಸಂತೆಯ ರಾಶಿಗೆ ಜಾತಿ ಇಲ್ಲ

ಈಗ ಸಂತೆಗೆ ಬನ್ನಿ. ನೆಲದ ಮೇಲೆ ಟಾರ್ಪಾಲು ಹಾಸಿ ಹಳೇ ಅಂಗಿ, ಜೀನ್ಸು, ಸ್ವೆಟರು, ಸೀರೆ ರಾಶಿ ಹಾಕಿರ್ತಾರೆ. ಬೆಂಗಳೂರಿನ ಸಂಡೇ ಬಜಾರಿನಲ್ಲೂ ಇದೇ ರಾಶಿ. ಮನೆ ಮನೆ ಬಾಗಿಲಲ್ಲಿ ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ, ಪ್ಲಾಸ್ಟಿಕ್ ಬಕೆಟ್ಟು ಕೊಟ್ಟು ಹೋಗ್ತಾರಲ್ಲ, ಅಲ್ಲಿಂದ ಶುರುವಾಗುತ್ತೆ ಈ ಬಟ್ಟೆಯ ಪ್ರಯಾಣ. ಅಹಮದಾಬಾದಿನಲ್ಲಿ, ದೆಹಲಿಯಲ್ಲಿ ವಾಘ್ರಿ ಸಮುದಾಯದ ಹೆಣ್ಣುಮಕ್ಕಳು ತಲೆಮಾರುಗಳಿಂದ ತಲೆ ಮೇಲೆ ಪಾತ್ರೆ ಹೊತ್ತು ಇದನ್ನೇ ಮಾಡ್ತಾ ಬಂದಿದ್ದಾರೆ. ತಂದದ್ದನ್ನು ಬಿಡಿಸಿ, ಒಗೆದು, ಗುಂಡಿ ಹಾಕಿ, ಇಸ್ತ್ರಿ ಮಾಡಿ ಮಾರ್ತಾರೆ. ಅದು ದುಡಿಮೆ. ಆ ದುಡಿಮೆಗೆ ನಾವು ಬೆಲೆ ಕೊಡ್ತೀವಿ.

ಹಾಸ್ಟೆಲಿನಲ್ಲಿ ಕೆಲವರು ಈ ಅಂಗಿ ತಗೊಳ್ಳೋಕೆ ನಾಚ್ತಾರೆ. ಕಾಲೇಜಿನಲ್ಲಿ ಯಾರಾದರೂ ಕೇಳಿದರೆ "ಬೆಂಗಳೂರಲ್ಲಿ ನಮ್ಮ ಮಾವ ಕೊಡಿಸಿದ್ದು" ಅಂತಾರೆ. ಯಾಕೆ ಈ ಸುಳ್ಳು? ಯೋಚನೆ ಮಾಡಿ. ಆ ರಾಶಿಯಲ್ಲಿ ಯಾವುದು ಜೋಯಿಸರ ಮಗನ ಅಂಗಿ, ಯಾವುದು ಒಕ್ಕಲಿಗರ ಹುಡುಗನದ್ದು, ಯಾವುದು ನಮ್ಮವನೇ ಉಟ್ಟು ಬಿಟ್ಟದ್ದು, ಯಾವನಿಗೆ ಗೊತ್ತು? ಎಲ್ಲ ಒಂದರ ಮೇಲೊಂದು ಬಿದ್ದು ಬೆರೆತು ಹೋಗಿವೆ. ಮನುವೇ ಬಂದರೂ ಬಿಡಿಸೋಕಾಗಲ್ಲ. ಆ ರಾಶಿಗೆ ಲಿಂಗಾಯತ ಮೇಷ್ಟರ ಮಗನೂ ಬಗ್ತಾನೆ, ಕೇರಿ ಹುಡುಗನೂ ಬಗ್ತಾನೆ. ಇಬ್ಬರೂ ಒಂದೇ ಅಂಗಿಯ ತೋಳು ಹಿಡಿದು ಎಳೀತಾರೆ. ಚೌಕಾಸಿ ಮಾಡ್ತೀವಿ, ಕಾಲರ್ ಸವೆದಿದೆ ಅಂತ ಬಿಸಾಕ್ತೀವಿ, ಅಳತೆ ಆಗದಿದ್ದರೆ ಬೇಡ ಅಂತೀವಿ. ಬೇಡ ಅನ್ನೋ ಹಕ್ಕು ನಮ್ಮ ಅಜ್ಜನಿಗೆ ಹಿತ್ತಲ ಬಾಗಿಲಲ್ಲಿ ಇತ್ತಾ? ದುಡ್ಡು ಎಣಿಸಿ ಕೊಟ್ಟ ಮೇಲೆ ಯಾರಿಗೂ ಕೈ ಮುಗಿಯೋ ಋಣ ಇಲ್ಲ. ಅಂಗಿ ಹಳೇದಾದರೂ ಅದು ನಮ್ಮದು.

ಆದ್ದರಿಂದ ಸಂತೆ ಬಟ್ಟೆ ಹಾಕ್ಕೊಂಡವನನ್ನು ಯಾರಾದರೂ ಆಡಿಕೊಂಡರೆ ತಲೆ ಎತ್ತಿ ಹೇಳಿ: ಹೌದು, ಸಂತೆದೇ. ಕೊಂಡದ್ದು.

ಬಾಗಿಲಿಗೆ ಬಂದ ಮೂಟೆ

ಇನ್ನೊಂದು ಥರದ ಹಳೇ ಬಟ್ಟೆ ಇದೆ. ಅದು ಸಂತೆಗೆ ಬರಲ್ಲ, ಕಾರಿನಲ್ಲಿ ಹಾಸ್ಟೆಲ್ ಬಾಗಿಲಿಗೆ ಬರುತ್ತೆ. ಏಪ್ರಿಲ್ 14 ಬಂತು ಅಂದರೆ, ಯಾರದೋ ಹುಟ್ಟುಹಬ್ಬ ಬಂತು ಅಂದರೆ, ಚುನಾವಣೆ ಹತ್ತಿರ ಬಂತು ಅಂದರೆ ಮೂಟೆಗಳು ಬರ್ತವೆ. ನಮ್ಮ ಸೀಮೆಯ ಒಂದು ಹಾಸ್ಟೆಲಿನಲ್ಲಿ ನಾವೇ ಕಂಡದ್ದು ಹೇಳ್ತೀವಿ. ಯಾವ ಊರು, ಯಾರು ಅಂತ ಬರೆಯಲ್ಲ, ಯಾಕೆಂದರೆ ಇದು ಒಬ್ಬರ ಗುಣವಲ್ಲ, ಒಂದು ಪದ್ಧತಿ. ಬ್ಯಾನರು ಕಟ್ಟಿದರು. ಹುಡುಗರನ್ನು ಸಾಲಾಗಿ ನಿಲ್ಲಿಸಿದರು. ಒಬ್ಬೊಬ್ಬನ ಕೈಗೆ ಒಂದೊಂದು ಹಳೇ ಅಂಗಿ ಇಟ್ಟು, ಬಿಡದೆ ಹಾಗೇ ಹಿಡಿದುಕೊಂಡು, ಕ್ಯಾಮೆರಾ ಕಡೆ ನೋಡು ಅಂದರು. ಗುಂಡಿ ಇಲ್ಲದ್ದು, ಕಂಕುಳ ಹರಿದದ್ದು, ಹತ್ತು ವರ್ಷದ ಹುಡುಗನಿಗೆ ದೊಡ್ಡವರ ಕೋಟು. ಬಾಬಾಸಾಹೇಬರ ಫೋಟೋ ಮುಂದೆ! ಸೂಟು ಬೂಟು ಹಾಕಿ, ಟೈ ಕಟ್ಟಿ, ಯಾರ ಮುಂದೆಯೂ ಬಗ್ಗದೆ ನಿಂತ ಆ ಮನುಷ್ಯನ ಹುಟ್ಟುಹಬ್ಬಕ್ಕೆ ಅವರ ಮಕ್ಕಳಿಗೆ ಹರಿದ ಅಂಗಿ!

ಒಂದು ಪ್ರಶ್ನೆ ಕೇಳ್ತೀವಿ. ಮೂಟೆ ತಂದ ಸ್ವಾಮಿಗಳೇ, ಈ ಅಂಗಿಯನ್ನು ನಿಮ್ಮ ಮಗ ಓದೋ ಶಾಲೆಗೆ ಯಾಕೆ ತಗೊಂಡು ಹೋಗಲಿಲ್ಲ? ನಿಮ್ಮ ಜಾತಿಯ ಹಾಸ್ಟೆಲುಗಳು ಊರೂರಿಗೆ ಇವೆ. ಅಲ್ಲಿಯೂ ಬಡ ಮಕ್ಕಳು ಇದ್ದಾರೆ. ಅಲ್ಲಿಗೆ ಯಾಕೆ ಮೂಟೆ ಹೋಗಲ್ಲ? ಅಲ್ಲಿ ಹೋದರೆ ಅವಮಾನ ಆಗುತ್ತೆ ಅಂತ ನಿಮಗೆ ಗೊತ್ತು. ನಮಗೆ ಆದರೆ ಅವಮಾನ ಅಲ್ಲ, ಉಪಕಾರ. ಹಿತ್ತಲ ಬಾಗಿಲು ಕಾಲು ಬೆಳೆಸಿಕೊಂಡು ಹಾಸ್ಟೆಲಿಗೆ ನಡೆದು ಬಂದಿದೆ, ಅಷ್ಟೇ.

"ಕೊಡೋರನ್ನೂ ಬೈತೀರಲ್ಲ, ಬಡವರಿಗೆ ಬಟ್ಟೆ ಬೇಡವಾ?" ಅಂತ ನಮ್ಮವರೇ ಕೆಲವರು ಕೇಳ್ತಾರೆ. ಬೇಕು. ಪ್ರವಾಹ ಬಂದು ಮನೆ ಕೊಚ್ಚಿಕೊಂಡು ಹೋದಾಗ, ಗುಡಿಸಲಿಗೆ ಬೆಂಕಿ ಬಿದ್ದಾಗ ಯಾರು ಕೊಟ್ಟರೂ ತಗೊಳ್ಳಬೇಕು, ಜಾತಿ ನೋಡದೆ ನಾವೂ ಕೊಡಬೇಕು. ಅದು ಮನುಷ್ಯ ಮನುಷ್ಯನಿಗೆ ಆಗೋದು. ವರ್ಷ ವರ್ಷ ಸಾಲು ನಿಲ್ಲಿಸಿ ಕೊಡೋದು ಬೇರೆ. ಹಾಸ್ಟೆಲಿನಲ್ಲಿ ದೊಡ್ಡ ಹುಡುಗ ಊರಿಗೆ ಹೋಗುವಾಗ ತನ್ನ ಪ್ಯಾಂಟು ಚಿಕ್ಕವನಿಗೆ ಬಿಟ್ಟು ಹೋಗ್ತಾನೆ. ಇಂಟರ್‌ವ್ಯೂಗೆ ಅಂತ ಇರುವ ಒಂದೇ ಒಳ್ಳೇ ಅಂಗಿಯನ್ನು ನಾಲ್ಕು ಜನ ಸರದಿ ಮೇಲೆ ಹಾಕ್ಕೋತಾರೆ. ಅದರಲ್ಲಿ ಅವಮಾನ ಇಲ್ಲ. ಯಾಕೆಂದರೆ ಇವತ್ತು ಅವನದು ನನಗೆ, ನಾಳೆ ನನ್ನದು ಅವನಿಗೆ. ಎರಡೂ ದಿಕ್ಕಿಗೆ ಹರಿಯೋ ಬಟ್ಟೆ ಗೆಳೆತನ.

ಹೊಸ ಬಟ್ಟೆಗೆ ಕಾನೂನು ಬೇಕಾಯಿತು

ಹಳೇ ಬಟ್ಟೆ ಕೊಡೋಕೆ ಅಷ್ಟು ದಯೆ ಇರುವ ಈ ಸಮಾಜ ನಾವು ಹೊಸ ಬಟ್ಟೆ ಹಾಕಿದಾಗ ಏನು ಮಾಡುತ್ತೆ? ತಿರುವಾಂಕೂರಿನಲ್ಲಿ ನಾಡಾರ್ ಹೆಣ್ಣುಮಕ್ಕಳು ಮೈಮೇಲೆ ಬಟ್ಟೆ ಹೊದೆಯೋ ಹಕ್ಕಿಗಾಗಿ ದಶಕಗಟ್ಟಲೆ ಏಟು ತಿಂದ ಮೇಲೆ 1859ರಲ್ಲಿ ರಾಜಾಜ್ಞೆ ಹೊರಟಿತು. ಅದು ಹಳೇ ಕತೆ ಅಂತೀರಾ? 1989ರ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಮಾಡಿದರು. 2016ರ ಜನವರಿ 26ರಿಂದ ಜಾರಿಗೆ ಬಂತು. ಅದರ 3ನೇ ಸೆಕ್ಷನ್ ಓದಿ. ಪರಿಶಿಷ್ಟ ಜಾತಿ, ಪಂಗಡದವರು ಸಾರ್ವಜನಿಕ ಸ್ಥಳದಲ್ಲಿ ಸೈಕಲ್ ಹತ್ತೋದನ್ನ, ಚಪ್ಪಲಿ ಮೆಟ್ಟೋದನ್ನ, ಹೊಸ ಬಟ್ಟೆ ಹಾಕೋದನ್ನ ತಡೆದರೆ ಅಪರಾಧ ಅಂತ ಬರೆದಿದೆ. ಹೊಸ ಬಟ್ಟೆ! 21ನೇ ಶತಮಾನದ ಪಾರ್ಲಿಮೆಂಟು ಕೂತು ಇದನ್ನು ಬರೆಯಬೇಕಾಯಿತು. ಚಂದ್ರನ ಮೇಲೆ ಇಳಿಯೋ ದೇಶದಲ್ಲಿ ನಮ್ಮ ಹುಡುಗ ಹೊಸ ಪ್ಯಾಂಟು ಹಾಕಿ ಊರ ಬಾಗಿಲು ದಾಟೋಕೆ ಕಾನೂನಿನ ಕಾವಲು ಬೇಕು.

ಈಗ ಎರಡನ್ನೂ ಜೋಡಿಸಿ ನೋಡಿ. ಹಳೇದು ತಗೊಂಡರೆ ಚಪ್ಪಾಳೆ, ಹೊಸದು ಹಾಕಿದರೆ ದೊಣ್ಣೆ. ಮೂಟೆ, ದೊಣ್ಣೆ ಎರಡೂ ಒಂದೇ ಮನೆಯಿಂದ ಬರ್ತವೆ.

ಬೆಂಗಳೂರಿನ ಫ್ಯಾಷನ್

ಇತ್ತೀಚೆಗೆ ಬೆಂಗಳೂರಿನಲ್ಲಿ, ಇನ್‌ಸ್ಟಾಗ್ರಾಂನಲ್ಲಿ ಹಳೇ ಬಟ್ಟೆಗೆ ಇಂಗ್ಲಿಷ್ ಹೆಸರು ಬಂದಿದೆ: ಥ್ರಿಫ್ಟ್. ಇಂಗ್ಲಿಷ್ ಹೆಸರಿಟ್ಟ ಮೇಲೆ ಅದೇ ಹಳೇ ಜೀನ್ಸು ಎಸಿ ಅಂಗಡಿಯಲ್ಲಿ ನೇತಾಡುತ್ತೆ. ಶ್ರೀಮಂತರ ಮಕ್ಕಳು ಹುಡುಕಿಕೊಂಡು ಹೋಗಿ ತಗೊಂಡು, ಭೂಮಿ ಉಳಿಸ್ತಾ ಇದೀವಿ ಅಂತ ಹೆಮ್ಮೆಯಿಂದ ಫೋಟೋ ಹಾಕ್ತಾರೆ. ಒಳ್ಳೇದು. ಒಂದು ಬಟ್ಟೆಯನ್ನು ಎರಡು ಮೂರು ಜನ ಉಟ್ಟರೆ ನೀರು ಉಳಿಯುತ್ತೆ, ಬಣ್ಣದ ವಿಷ ಹೊಳೆಗೆ ಹೋಗೋದು ಕಮ್ಮಿಯಾಗುತ್ತೆ. ನಮಗೆ ಇದರ ಮೇಲೆ ಸಿಟ್ಟಿಲ್ಲ. ಆದರೆ ತೇಪೆ ಹಾಕಿ ಹಾಕಿ ಉಟ್ಟು, ಕಡೆಗೆ ಕೌದಿ ಹೊಲಿದು, ಆಮೇಲೆ ಒರೆಸೋ ಬಟ್ಟೆ ಮಾಡಿದ ನಮ್ಮ ಅವ್ವಂದಿರನ್ನು ಯಾವನೂ ಪರಿಸರವಾದಿ ಅಂತ ಕರೀಲಿಲ್ಲ. ಗಲೀಜು ಅಂತ ಕರೆದರು. ಹರಿದ ಜೀನ್ಸು ಅವನು ಹಾಕಿದರೆ ಸ್ಟೈಲು, ನಾವು ಹಾಕಿದರೆ "ಸ್ಕಾಲರ್‌ಶಿಪ್ ದುಡ್ಡು ಏನ್ ಮಾಡ್ದೆಯೋ?" ಹಳೇ ಬಟ್ಟೆ ಹಾಕೋದು ಅವನಿಗೆ ಆಯ್ಕೆ. ಆಯ್ಕೆ ನಮಗೂ ಬೇಕು. ಹೊಸದು ಕೊಳ್ಳೋ ಶಕ್ತಿ ಇದ್ದವನು ಹಳೇದು ಆರಿಸಿದರೆ ಮಾತ್ರ ಅದು ಆಯ್ಕೆ.

ಆ ಶಕ್ತಿ ಯಾಕಿಲ್ಲ? ನಮ್ಮ ಅಕ್ಕಂದಿರು ಮೈಸೂರು ರಸ್ತೆಯುದ್ದಕ್ಕೂ ಬೆಳಗಾಗೋ ಮೊದಲೇ ಬಸ್ಸು, ವ್ಯಾನು ಹತ್ತಿ ಗಾರ್ಮೆಂಟ್ಸಿಗೆ ಹೋಗ್ತಾರೆ. ಗಂಟೆಗೆ ಇಷ್ಟು ಪೀಸು ಅಂತ ಟಾರ್ಗೆಟ್ಟು. ಅವರು ಹೊಲಿದ ಅಂಗಿ ಅಮೆರಿಕಕ್ಕೆ, ಯುರೋಪಿಗೆ ಹೋಗುತ್ತೆ. ಅದರ ಒಂದು ಅಂಗಿಯ ಬೆಲೆ ಅಕ್ಕನ ಹಲವು ದಿನದ ಕೂಲಿ. 2016ರ ಏಪ್ರಿಲ್‌ನಲ್ಲಿ ಪಿ.ಎಫ್. ದುಡ್ಡಿಗೆ ಕೇಂದ್ರ ಸರ್ಕಾರ ಕೈ ಹಾಕಿದಾಗ ಇದೇ ಹೆಣ್ಣುಮಕ್ಕಳು ಬೆಂಗಳೂರಿನ ರಸ್ತೆಗೆ ಇಳಿದರು. ಎರಡೇ ದಿನದಲ್ಲಿ ಸರ್ಕಾರ ಆ ನಿಯಮ ವಾಪಸು ತಗೊಂಡಿತು. ಅವರು ಯಾರ ಮೂಟೆಗೂ ಕಾಯಲಿಲ್ಲ. ತಮ್ಮ ದುಡ್ಡು ತಮಗೆ ಬೇಕು ಅಂದರು.

ದೇಶ ದೇಶಗಳ ನಡುವೆಯೂ ಊರು ಕೇರಿ

ಇದು ನಮ್ಮ ಹಳ್ಳಿಯ ಕತೆ ಮಾತ್ರ ಅಂದುಕೊಳ್ಳಬೇಡಿ. ಅಮೆರಿಕ, ಯುರೋಪಿನವರು ಬಿಟ್ಟ ಬಟ್ಟೆ ಬೇಲು ಬೇಲಾಗಿ ಆಫ್ರಿಕಕ್ಕೆ ಹೋಗುತ್ತೆ. ಘಾನಾ ದೇಶದ ಅಕ್ರಾ ನಗರದಲ್ಲಿ ಕಾಂಟಮಾಂಟೋ ಅನ್ನೋ ದೊಡ್ಡ ಹಳೇ ಬಟ್ಟೆ ಮಾರುಕಟ್ಟೆ ಇದೆ. 2025ರ ಜನವರಿಯಲ್ಲಿ ಬೆಂಕಿ ಬಿದ್ದು ಅದರ ಬಹುಪಾಲು ಸುಟ್ಟುಹೋಯಿತು. ಅಲ್ಲಿನ ಜನ ಈ ಬಟ್ಟೆಗೆ ಇಟ್ಟ ಹೆಸರಿನ ಅರ್ಥ ಸತ್ತ ಬಿಳಿಯನ ಬಟ್ಟೆ. ಮನು ಹೇಳಿದ ಹೆಣದ ಬಟ್ಟೆ ನೆನಪಾಗಲ್ವಾ? ರುವಾಂಡ ದೇಶ ನಮಗೆ ನಿಮ್ಮ ಹಳೇ ಬಟ್ಟೆ ಬೇಡ, ನಾವೇ ನೇಯ್ದು ಹೊಲಿದು ಹಾಕ್ತೀವಿ ಅಂತ ಸುಂಕ ಏರಿಸಿತು. ಅಮೆರಿಕ ಏನು ಮಾಡಿತು? 2018ರಲ್ಲಿ ರುವಾಂಡದ ಬಟ್ಟೆಗೆ ತನ್ನ ದೇಶದಲ್ಲಿದ್ದ ಸುಂಕದ ರಿಯಾಯಿತಿ ಕಿತ್ತುಕೊಂಡಿತು. ಬೇಡ ಅಂದದ್ದಕ್ಕೆ ಶಿಕ್ಷೆ! ರುವಾಂಡ ಆದರೂ ಬಗ್ಗಲಿಲ್ಲ. ಹಿತ್ತಲ ಬಾಗಿಲಲ್ಲಿ ಪಂಚೆ ಬೇಡ ಅಂದವನಿಗೆ ಮಾರನೇ ದಿನ ಕೂಲಿ ತಪ್ಪಿಸ್ತಿದ್ದ ಗೌಡನಿಗೂ ಈ ಅಮೆರಿಕಕ್ಕೂ ಏನು ವ್ಯತ್ಯಾಸ?

ನಾವೇನು ಮಾಡಬೇಕು

ನಮ್ಮ ಜಿಲ್ಲೆಗೆ 2007ರಲ್ಲಿ ರಾಮನಗರ ಅಂತ ಹೆಸರಿಟ್ಟರು. 2025ರ ಮೇ ತಿಂಗಳಲ್ಲಿ ಬೆಂಗಳೂರು ದಕ್ಷಿಣ ಮಾಡ್ತೀವಿ ಅಂತ ಸಚಿವ ಸಂಪುಟ ತೀರ್ಮಾನ ಮಾಡಿತು. ಜಿಲ್ಲೆಯ ಹೆಸರೇ ಬದಲಾಯಿಸುವವರಿಗೆ ಕೇರಿ ಮಕ್ಕಳ ಬಟ್ಟೆ ಬದಲಾಯಿಸೋದು ಕಷ್ಟ ಅಲ್ಲ. ಮನಸ್ಸು ಬೇಕು.

ಒಂದು: ಹಾಸ್ಟೆಲಿಗೆ ಮೂಟೆ ಬಂದರೆ ಸಾಲು ನಿಲ್ಲಬೇಡಿ, ಫೋಟೋಗೆ ನಿಲ್ಲಬೇಡಿ. ಜಗಳ ಬೇಡ. ಮರ್ಯಾದೆಯಿಂದ ಹೇಳಿ: "ಅಣ್ಣಾ, ಊರ ನಡುವೆ ಮೇಜು ಹಾಕಿ, ಒಂದೊಂದಕ್ಕೂ ಬೆಲೆ ಬರೆದು ಇಡಿ. ಊರಿನವರೂ ಬರಲಿ, ನಿಮ್ಮ ಮಕ್ಕಳೂ ಬರಲಿ, ನಾವೂ ಬರ್ತೀವಿ. ಬೇಕಾದ್ದು ಆರಿಸಿ ಕೊಂಡುಕೊಳ್ತೀವಿ." ಬಂದ ದುಡ್ಡು ಊರ ಲೈಬ್ರರಿಗೆ ಹೋಗಲಿ. ನಿಜವಾಗಿ ಬಟ್ಟೆ ವ್ಯರ್ಥ ಆಗಬಾರದು ಅನ್ನೋ ಮನಸ್ಸಿದ್ದವರು ಒಪ್ತಾರೆ. ಫೋಟೋ ಬೇಕಾದವರು ವಾಪಸು ಹೋಗ್ತಾರೆ. ಯಾರು ಯಾರು ಅಂತ ಅಲ್ಲೇ ಗೊತ್ತಾಗುತ್ತೆ.

ಎರಡು: ಬರಬೇಕಾದ್ದನ್ನು ಕೇಳಿ. ಸರ್ಕಾರಿ ಶಾಲೆ ಮಕ್ಕಳಿಗೆ ಎರಡು ಜೊತೆ ಸಮವಸ್ತ್ರ ಕೊಡಬೇಕು ಅಂತ ನಮ್ಮ ಹೈಕೋರ್ಟು 2019ರಲ್ಲೇ ಹೇಳಿದೆ. ನಿಮ್ಮ ತಮ್ಮ ತಂಗಿಯರಿಗೆ ಎರಡು ಜೊತೆ ಬಂದಿದೆಯಾ ನೋಡಿ. ಹಾಸ್ಟೆಲಿನ ಹಾಸಿಗೆ, ಹೊದಿಕೆ, ಸೋಪು, ಎಣ್ಣೆ ಯಾರ ಭಿಕ್ಷೆಯೂ ಅಲ್ಲ. ಎಷ್ಟು ಮಂಜೂರಾಯಿತು, ಎಷ್ಟು ಬಂತು ಅಂತ 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಅರ್ಜಿ ಹಾಕಿ. ನಮ್ಮ ಜನಸಂಖ್ಯೆಗೆ ತಕ್ಕಷ್ಟು ದುಡ್ಡು ನಮಗೇ ಖರ್ಚಾಗಬೇಕು ಅಂತ 2013ರಲ್ಲಿ ಕರ್ನಾಟಕದಲ್ಲೇ ಉಪಯೋಜನೆ ಕಾಯ್ದೆ ಆಯಿತು. 2023ರಲ್ಲಿ ಆ ದುಡ್ಡಿನ 11 ಸಾವಿರ ಕೋಟಿ ರೂಪಾಯಿಯನ್ನು ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ತೋರಿಸಿದರು. ಕೋಟಿ ಕೋಟಿ ಆ ಕಡೆ, ಹಳೇ ಅಂಗಿ ಮೂಟೆ ಈ ಕಡೆ. ಈ ವ್ಯಾಪಾರ ನಮಗೆ ಬೇಡ.

ಮೂರು: ಮನೆಗೆ ಹೋದಾಗ ಅಪ್ಪ ಅವ್ವನ ಜೊತೆ ಕೂತು ಮಾತಾಡಿ. ಹಬ್ಬಕ್ಕೆ ದೊಡ್ಡಮನೆ ಹಳೇ ಸೀರೆಗೆ ಅವ್ವ ಕಾಯೋದು ಆಸೆಯಿಂದಲ್ಲ, ಕೂಲಿ ಸಾಲದ್ದರಿಂದ. ಅವ್ವನನ್ನು ಬೈಯಬೇಡಿ. "ಸೀರೆ ಬೇಡ, ಕೂಲಿ ಜಾಸ್ತಿ ಮಾಡಿ" ಅಂತ ಕೇರಿಯ ಹೆಣ್ಣುಮಕ್ಕಳೆಲ್ಲ ಒಟ್ಟಾಗಿ ಕೇಳೋ ಹಾಗೆ ಮಾಡಿ. ಒಬ್ಬಳೇ ಕೇಳಿದರೆ ಕೆಲಸ ಹೋಗುತ್ತೆ. ಐವತ್ತು ಜನ ಕೇಳಿದರೆ ಸೊಪ್ಪು ಕೊಯ್ಯೋರು ಯಾರು? ಹುಳ ಸಾಯುತ್ತೆ. ಅದು ದೊಡ್ಡಮನೆಗೂ ಗೊತ್ತು.

ನಾಲ್ಕು: ಸಂತೆ ಬಟ್ಟೆ ಹಾಕಿದ ನಮ್ಮವನನ್ನು ನಾವೇ ಆಡಿಕೊಳ್ಳೋದು ನಿಲ್ಲಲಿ. ಸಾಲ ಮಾಡಿ ಬ್ರಾಂಡ್ ಷರ್ಟು ಹಾಕಿದವನು ದೊಡ್ಡವನಲ್ಲ, ನೂರು ರೂಪಾಯಿಗೆ ಮೂರು ಅಂಗಿ ಕೊಂಡು ಮಿಕ್ಕ ದುಡ್ಡಿಗೆ ಪುಸ್ತಕ ತಗೊಂಡವನು ಚಿಕ್ಕವನಲ್ಲ.

ಗೆಳೆಯರೇ, ಹಾಸ್ಟೆಲು ಅನ್ನೋದು ಬರೀ ಅನ್ನ ತಿಂದು ಮಲಗೋ ಜಾಗ ಅಲ್ಲ. 1973ರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದಾಗ ಅವರ ಪರ ನಿಂತು ಏಟು ತಿಂದವರು ಹಾಸ್ಟೆಲ್ ಹುಡುಗರು. ನಮ್ಮ ಮಾಗಡಿ ತಾಲೂಕಿನ ಮಂಚನಬೆಲೆಯಲ್ಲಿ ಹುಟ್ಟಿದ ಸಿದ್ದಲಿಂಗಯ್ಯ ಬೆಂಗಳೂರಿನ ಹಾಸ್ಟೆಲಿನಲ್ಲಿ ಓದಿ ಇಡೀ ನಾಡು ಕೇಳೋ ಹಾಗೆ ಹಾಡು ಬರೆದರು. ಹೆಂಡ ಬೇಡ, ವಸತಿ ಶಾಲೆ ಕೊಡಿ ಅಂತ ಕೇಳಿದ ಚಳವಳಿ ನಮ್ಮದು. ಏನು ಬೇಡ, ಏನು ಬೇಕು ಅನ್ನೋ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳೋಕೆ ಅದು ನಮಗೆ ಕಲಿಸಿದೆ. ಅದೇ ಮಾತನ್ನು ಇವತ್ತು ಬಟ್ಟೆಗೆ ಹೇಳೋಣ.

ಮೂಟೆ ಬೇಡ, ಕೂಲಿ ಕೊಡಿ!
ದಯೆ ಬೇಡ, ಹಕ್ಕು ಕೊಡಿ!
ಕೊಟ್ಟ ಬಟ್ಟೆ ಬೇಡ, ಕೊಂಡ ಬಟ್ಟೆ ಸಾಕು!

ಜೈ ಭೀಮ್.